ಲಾರಿಯೂ ಆಕಾಶದ ತಂತಿಯೂ

(ಕಾರ್ಮಿಕರ ವಾಚನಾಲಯದ ಉಪನ್ಯಾಸಮಾಲೆಯಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಪೂರ್ತಿಯಾಗಿ ಅಚ್ಚು ಮಾಡಿದೆ. – ಸಂ.)



ಇಂದಿನ ವಿಷಯ ಕೇಳಿ ಕೆಲವರು ನಕ್ಕರೆಂದು ಕಾರ್ಯದರ್ಶಿಗಳು ಹೇಳಿದರು. ಬೋನಸ್ಸು, ತುಟ್ಟಿಭತ್ಯ, ಮನೆಗಂದಾಯ ಇಷ್ಟೆಲ್ಲ ಇರುವಾಗ ಈ ಮೇಷ್ಟರು ಆಕಾಶಕ್ಕೇಕೆ ಏಣಿ ಹಾಕಿದರು ಎಂದು ಅವರ ಪ್ರಶ್ನೆಯಂತೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ಎರಡು ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ತಿಂಗಳು ಮಂಡಿಯಲ್ಲಿ ಒಬ್ಬ ಅಡತಿ ವ್ಯಾಪಾರಿ ಮಿತ್ರರ ಜೊತೆ ಕೂತಿದ್ದೆ. ಅವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ನಕ್ಷೆ, ನಕ್ಷೆಯ ಮೇಲೆ ಒಂದು ಸಣ್ಣ ಚುಕ್ಕೆ. "ನೋಡಿ ಮೇಷ್ಟರೇ, ನನ್ನ ಮಾಲಿನ ಲಾರಿ ಇಲ್ಲಿದೆ. ಸಂಜೆಯೊಳಗೆ ಬಂದುಬಿಡುತ್ತದೆ" ಎಂದರು. ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಕಂಡೆ. ಅವರ ತಂದೆ ಇದೇ ಅಂಗಡಿಯಲ್ಲಿ ಮೂರು ಮೂರು ದಿನ ಲಾರಿಯ ದಾರಿ ಕಾಯುತ್ತ, ಮಾಲು ಮಳೆಯಲ್ಲಿ ನೆನೆಯಿತೋ, ಲಾರಿ ಹಳ್ಳಕ್ಕೆ ಬಿತ್ತೋ ಎಂದು ಕೊರಗಿದವರು.

ಎರಡನೆಯದು ನಮ್ಮ ಮನೆಯ ಸಂಗತಿ. ನನ್ನ ಸೋದರಮಾವನ ಮಗ ಲಾರಿ ಚಾಲಕ. ಚೆನ್ನೈಯಿಂದ ಮಾಲು ಹೇರಿಕೊಂಡು ಬರುವಾಗ, ಶಿರಾ ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ ಕಣ್ಣು ಕೂಡತೊಡಗಿ, ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಮಲಗಿದ. ಇಪ್ಪತ್ತು ನಿಮಿಷವಾಗಿರಲಿಲ್ಲ, ಮಾಲೀಕನ ಫೋನು. "ಗಾಡಿ ಯಾಕೆ ನಿಂತಿದೆ?" ಮತ್ತೆ ಫೋನು, ಮತ್ತೆ ಫೋನು. ನಾಲ್ಕನೆಯ ಸಲ ಎದ್ದು ಗಾಡಿ ಎತ್ತಿದ. ಎರಡು ಮೈಲಿ ಹೋಗುವಷ್ಟರಲ್ಲಿ ತೂಕಡಿಸಿ ನಡುರಸ್ತೆಯ ಕಟ್ಟೆಗೆ ಒರಸಿಕೊಂಡು ಹೋದ. ದೇವರು ದೊಡ್ಡವನು, ಜೀವ ಉಳಿಯಿತು. ರಿಪೇರಿಯ ಹಣ ಅವನ ಸಂಬಳದಲ್ಲಿ ವಜಾ ಆಯಿತು. ಆ ಮಾಲೀಕನ ಹೆಸರು ಹೇಳುವ ಅಗತ್ಯ ಇಲ್ಲಿಲ್ಲ. ಅವನೊಬ್ಬನೇ ಹಾಗಿದ್ದರೆ ಈ ಭಾಷಣವೂ ಬೇಕಿರಲಿಲ್ಲ.

ಚುಕ್ಕೆ ಒಂದೇ. ಒಬ್ಬರಿಗೆ ಅದು ನೆಮ್ಮದಿ ಕೊಟ್ಟಿತು, ಇನ್ನೊಬ್ಬನ ನಿದ್ದೆ ಕಿತ್ತುಕೊಂಡಿತು. ಇದು ಹೇಗಾಯಿತು, ಇದರ ಮೂಲ ಎಲ್ಲಿಯದು, ಇದನ್ನು ಕಂಡುಹಿಡಿದ ನಾಡಿನಲ್ಲಿ ಚಾಲಕರು ಏನು ಮಾಡಿದರು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಆಕಾಶದಲ್ಲಿರುವ ಉಪಗ್ರಹ ನಮ್ಮ ಲಾರಿಯನ್ನು ಕಣ್ಣಿಟ್ಟು ನೋಡುತ್ತಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ತಾನು ಎಲ್ಲಿದ್ದೇನೆಂದು ತಿಳಿಯುವುದು ಒಂದು, ಅದನ್ನು ದೂರದವರಿಗೆ ತಿಳಿಸುವುದು ಇನ್ನೊಂದು.

ಮೊದಲನೆಯದಕ್ಕೆ ನಮ್ಮ ಗಿರಣಿಯ ಕೂಗನ್ನೇ ನೆನೆಸಿಕೊಳ್ಳಿ. ಕೂಗು ಊರಿಗೆಲ್ಲ ಕೇಳುತ್ತದೆ. ಕೇಳಿದವನಿಗೆ ಹೊತ್ತು ಗೊತ್ತಾಗುತ್ತದೆ. ಆದರೆ ಯಾರು ಕೇಳಿದರು, ಯಾರು ಹಾಸಿಗೆಯಲ್ಲಿ ಮಗ್ಗುಲು ತಿರುಗಿದರು ಎಂಬುದು ಕೂಗಿಗೆ ಗೊತ್ತಿಲ್ಲ. ಜಿ.ಪಿ.ಎಸ್. ಎಂಬ ಅಮೆರಿಕದ ಉಪಗ್ರಹಗಳು ಮಾಡುವುದು ಇಷ್ಟೇ. ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರು ಮೇಲಿಂದ, ನಾನು ಇಂಥವನು, ಈಗ ಇಷ್ಟು ಗಂಟೆ ಎಂದು ಅವು ಎಡೆಬಿಡದೆ ಸಾರುತ್ತಿರುತ್ತವೆ. ಲಾರಿಯ ಪೆಟ್ಟಿಗೆ ನಾಲ್ಕು ಉಪಗ್ರಹಗಳ ಕೂಗನ್ನು ಕೇಳಿ, ಯಾವುದು ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ, ತನ್ನ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ. ಉಪಗ್ರಹಕ್ಕೆ ಲಾರಿಯ ಸುದ್ದಿಯೇ ಇಲ್ಲ.

ಹಾಗಾದರೆ ಮಾಲೀಕನಿಗೆ ಹೇಳಿದವರು ಯಾರು? ಆ ಪೆಟ್ಟಿಗೆಯೇ. ನಮ್ಮ ಕಡೆ ಈ ಚಾಡಿಯ ಕೆಲಸ ಬಹುಮಟ್ಟಿಗೆ ನಡೆಯುವುದು ರಸ್ತೆಬದಿಯ ಮೊಬೈಲು ಗೋಪುರಗಳ ಮೂಲಕ. ಆದರೆ ಗೋಪುರವಿಲ್ಲದ ಕಡೆ? ಘಟ್ಟದ ತಿರುವಿನಲ್ಲಿ, ಮರಳುಗಾಡಿನಲ್ಲಿ, ನೂರಾರು ಮೈಲಿ ಊರೇ ಇಲ್ಲದ ಬಯಲಿನಲ್ಲಿ? ಅಲ್ಲಿ ಸುದ್ದಿಯನ್ನು ಹೊರುವುದಕ್ಕೂ ಉಪಗ್ರಹವೇ ಬೇಕು. ಇದೇ ಇಂದಿನ ಮುಖ್ಯ ವಿಷಯ: ಓಡುವ ಬಂಡಿಗೂ ಆಕಾಶಕ್ಕೂ ನಡುವೆ ಮಾತಿನ ದಾರಿ.

೧೯೪೫ರಲ್ಲಿ ಆರ್ಥರ್ ಕ್ಲಾರ್ಕ್ ಎಂಬ ಇಂಗ್ಲಿಷ್ ಲೇಖಕರು ಒಂದು ರೇಡಿಯೋ ಪತ್ರಿಕೆಯಲ್ಲಿ ಬರೆದು ತೋರಿಸಿದ ಲೆಕ್ಕವೊಂದುಂಟು. ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಒಂದು ಉಪಗ್ರಹವನ್ನಿಟ್ಟರೆ, ಭೂಮಿ ಒಂದು ಸುತ್ತು ಸುತ್ತುವಷ್ಟರಲ್ಲಿ ಅದೂ ಒಂದು ಸುತ್ತು ಬರುವುದು. ಆದಕಾರಣ ನೆಲದ ಮೇಲೆ ನಿಂತವರಿಗೆ ಅದು ಒಂದೇ ಕಡೆ ನೇತುಹಾಕಿದಂತೆ ಇರುವುದು. ೧೯೬೪ರಲ್ಲಿ ಸಿಂಕಾಮ್-೩ ಎಂಬ ಉಪಗ್ರಹ ಇದನ್ನು ನಿಜ ಮಾಡಿತು. ನಮ್ಮ ಮಾಳಿಗೆಯ ಮೇಲಿನ ಟಿ.ವಿ. ತಟ್ಟೆಯನ್ನು ಒಮ್ಮೆ ಕೂರಿಸಿದ ಮೇಲೆ ಮತ್ತೆ ತಿರುಗಿಸಬೇಕಿಲ್ಲವಲ್ಲ, ಅದು ಈ ಕಾರಣದಿಂದ. ನಮ್ಮ ದೇಶದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರವು ೧೯೮೨ರಿಂದ ನಮ್ಮ ಹಾಸನದಲ್ಲಿಯೇ ಇದೆ.

ತಟ್ಟೆ ಅಲುಗದೆ ನಿಂತಿದ್ದರೆ ಸರಿ. ಓಡುವ ಲಾರಿಯ ಮೇಲೆ ಕೂರಿಸಿದರೆ? ಇಲ್ಲಿ ಮೂರು ಕಷ್ಟಗಳು. ಅಷ್ಟು ದೂರದಿಂದ ಬರುವ ಅಲೆ ಬಹಳ ಕ್ಷೀಣ. ಹಿಡಿಯಲು ದೊಡ್ಡ ತಟ್ಟೆ ಬೇಕು, ಲಾರಿಯ ತಲೆಯ ಮೇಲೆ ಜಾಗವಿಲ್ಲ. ಲಾರಿ ತಿರುಗಿದಾಗಲೆಲ್ಲ ತಟ್ಟೆಯ ಮುಖ ತಪ್ಪುತ್ತದೆ. ಮೂರನೆಯದಾಗಿ ಸಾಲುಮರ, ಸೇತುವೆ, ಕಟ್ಟಡ ಅಡ್ಡ ಬಂದರೆ ಅಲೆ ಕಡಿದುಹೋಗುತ್ತದೆ. ಹಡಗಿಗೆ ಈ ತೊಂದರೆ ಅಷ್ಟಿಲ್ಲ. ಅದಕ್ಕೆ ದೊಡ್ಡ ತಟ್ಟೆ ಹೊರುವ ಶಕ್ತಿಯುಂಟು, ಸಮುದ್ರದಲ್ಲಿ ಮರಗಳಿಲ್ಲ. ಆದುದರಿಂದಲೇ ನಾನಾ ಸರ್ಕಾರಗಳು ಕೂಡಿ ೧೯೭೯ರಲ್ಲಿ ಕಟ್ಟಿದ ಇನ್‌ಮಾರ್‌ಸ್ಯಾಟ್ ಸಂಸ್ಥೆ ಮೊದಲು ಸೇವೆ ಮಾಡಿದ್ದು ಹಡಗುಗಳಿಗೆ. ೧೯೯೯ರಲ್ಲಿ ಅದನ್ನು ಖಾಸಗಿಗೆ ಕೊಟ್ಟರು, ಅದು ಬೇರೆ ಕಥೆ.

ನೆಲದ ಬಂಡಿಯ ಪ್ರಯೋಗಗಳಲ್ಲಿ ನಮಗೊಂದು ನೆಂಟಸ್ತಿಕೆಯುಂಟು. ಅಮೆರಿಕದವರು ೧೯೭೪ರಲ್ಲಿ ಹಾರಿಸಿದ ಎ.ಟಿ.ಎಸ್.-೬ ಎಂಬ ಉಪಗ್ರಹದಲ್ಲಿ ಮೂವತ್ತು ಅಡಿಯ ಕೊಡೆಯಂಥ ತಟ್ಟೆ ಇದ್ದಿತು. ಮೇಲಿನ ತಟ್ಟೆ ದೊಡ್ಡದಾದರೆ ಕೆಳಗಿನದು ಚಿಕ್ಕದಾಗಬಹುದು, ಇದೇ ಅದರ ಗುಟ್ಟು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಆ ಉಪಗ್ರಹವನ್ನು ನಮ್ಮ ದೇಶಕ್ಕೆ ಎರವಲು ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟಿ.ವಿ. ಬಂದಿತು, ಅವುಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ತಟ್ಟೆಯಲ್ಲಿ ಹಳ್ಳಿಯ ಜನ ಆಕಾಶದ ಚಿತ್ರ ಹಿಡಿದರು. ಅದೇ ಉಪಗ್ರಹ ಅಮೆರಿಕಕ್ಕೆ ಹಿಂದಿರುಗಿದ ಮೇಲೆ, ಅಲ್ಲಿಯ ಇಂಜಿನಿಯರುಗಳು ಒಂದು ಬಂಡಿಯಲ್ಲಿ ಉಪಕರಣ ಇಟ್ಟುಕೊಂಡು ಊರ ಬೀದಿಗಳಲ್ಲಿ ಓಡಾಡಿ, ಕಟ್ಟಡ ಮರಗಳ ಮರೆಯಲ್ಲಿ ಅದರ ಅಲೆ ಎಷ್ಟು ಸೊರಗುತ್ತದೆ ಎಂದು ಅಳೆದರು. ನಮ್ಮ ರೈತನಿಗೆ ಪಾಠ ಹೇಳಿದ ಉಪಗ್ರಹವೇ ಮುಂದೆ ಲಾರಿಗಳ ದಾರಿಗೂ ಲೆಕ್ಕ ಕೊಟ್ಟಿತು.

ಇನ್ನು ಲಾರಿಯ ಕಥೆಗೆ ಬರೋಣ. ೧೯೮೦ರಲ್ಲಿ ಅಮೆರಿಕದ ಸರ್ಕಾರ ಲಾರಿ ಸಾಗಣೆಯ ಮೇಲಿದ್ದ ಕಟ್ಟುಪಾಡುಗಳನ್ನು ಸಡಿಲಿಸಿತು. ಯಾರು ಬೇಕಾದರೂ ಯಾವ ದಾರಿಯಲ್ಲಾದರೂ ಎಷ್ಟು ಬಾಡಿಗೆಗಾದರೂ ಹೊಡೆಯಬಹುದು ಎಂದಾಯಿತು. ಬಾಡಿಗೆ ಇಳಿಯಿತು, ಪೈಪೋಟಿ ಏರಿತು. ಖಾಲಿ ಲಾರಿ ಓಡಿಸಿದವನು ಮುಳುಗಿದ. ಆದರೆ ಲಾರಿ ಎಲ್ಲಿದೆ ಎಂದೇ ಗೊತ್ತಿಲ್ಲದೆ ಹಿಂದಿರುಗುವ ಮಾಲು ಹುಡುಕುವುದು ಹೇಗೆ? ಆಗ ಚಾಲಕ ದಿನಕ್ಕೊಮ್ಮೆಯೋ ಎರಡು ಸಲವೋ ಲಾರಿ ತಂಗುದಾಣದಲ್ಲಿ ಇಳಿದು, ನಾಣ್ಯ ಹಾಕುವ ಟೆಲಿಫೋನಿನ ಮುಂದೆ ಸಾಲು ನಿಂತು, ಕಚೇರಿಗೆ ತನ್ನ ಸುದ್ದಿ ಹೇಳಬೇಕಾಗಿತ್ತು. ಆ ಹೊತ್ತಿಗೆ ಕೂಲಿಯಿಲ್ಲ. ಏತಕ್ಕೆಂದರೆ ಅಲ್ಲಿ ಬಹುಮಂದಿ ಚಾಲಕರಿಗೆ ಮಜೂರಿ ಓಡಿಸಿದ ಮೈಲಿಗೆ ಇಷ್ಟೆಂದು ಲೆಕ್ಕ.

೧೯೮೫ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ನಗರದಲ್ಲಿ ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಅವರ ಜೊತೆಗಾರರು ಕ್ವಾಲ್‌ಕಾಮ್ ಎಂಬ ಕಂಪನಿ ತೆರೆದರು. ೧೯೮೮ರಲ್ಲಿ ಅವರು ಓಮ್ನಿಟ್ರ್ಯಾಕ್ಸ್ ಎಂಬ ಏರ್ಪಾಡನ್ನು ಬಳಕೆಗೆ ತಂದರು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಷ್ನೈಡರ್ ಎಂಬ ದೊಡ್ಡ ಲಾರಿ ಕಂಪನಿ ಅದರ ಮೊದಲ ದೊಡ್ಡ ಗಿರಾಕಿ.

ಅವರ ಜಾಣತನ ಏನೆಂದರೆ, ಅವರು ಹೊಸ ಉಪಗ್ರಹ ಹಾರಿಸಲಿಲ್ಲ. ಟಿ.ವಿ. ಮುಂತಾದ ಕೆಲಸಗಳಿಗಾಗಿ ಆಗಲೇ ಮೇಲಿದ್ದ ಉಪಗ್ರಹಗಳಲ್ಲಿ ಸ್ವಲ್ಪ ಜಾಗ ಬಾಡಿಗೆಗೆ ಹಿಡಿದರು. ಚಿಕ್ಕ ತಟ್ಟೆಯಿಂದ ಹೊರಟ ಅಲೆ ಕೆದರಿಕೊಂಡು ಪಕ್ಕದ ಉಪಗ್ರಹಗಳಿಗೆ ತೊಂದರೆ ಕೊಡುವುದಷ್ಟೆ. ಅದಕ್ಕಾಗಿ ಸುದ್ದಿಯನ್ನು ಒಂದು ಗುಪ್ತಲಿಪಿಯಿಂದ ಬಹಳ ಅಗಲಕ್ಕೆ ತೆಳ್ಳಗೆ ಹರಡಿ ಕಳಿಸಿದರು. ಬೇರೆಯವರಿಗೆ ಅದು ಸದ್ದೇ ಅಲ್ಲವೆಂಬಷ್ಟು ತೆಳ್ಳಗೆ. ಲಿಪಿ ಬಲ್ಲವನಿಗೆ ಮಾತ್ರ ಸ್ಪಷ್ಟ. ಸಂತೆಯ ಗದ್ದಲದಲ್ಲಿ ತಾಯಿ ತನ್ನ ಮಗುವಿನ ಅಳುವನ್ನು ಗುರುತಿಸುವ ಹಾಗೆ. ಲಾರಿಯ ತಲೆಯ ಮೇಲೆ ಗುಮ್ಮಟದಂಥ ಮುಚ್ಚಳ, ಅದರೊಳಗೆ ಒಂದು ತಿರುಗುವ ಆಂಟೆನಾ. ಲಾರಿ ಎತ್ತ ಹೊರಳಿದರೂ ಅದು ಉಪಗ್ರಹದ ಕಡೆಗೇ ಮುಖ ಮಾಡುವುದು. ಚಾಲಕನ ಪಕ್ಕದಲ್ಲಿ ಅಕ್ಷರ ಒತ್ತುವ ಹಲಗೆ. ಅವನು ಒತ್ತಿದ ಸುದ್ದಿ ಲಾರಿಯಿಂದ ಉಪಗ್ರಹಕ್ಕೆ, ಅಲ್ಲಿಂದ ಸ್ಯಾನ್ ಡಿಯಾಗೋ ಕೇಂದ್ರಕ್ಕೆ, ಅಲ್ಲಿಂದ ಕಂಪನಿಯ ಕಚೇರಿಗೆ. ಲಾರಿಯ ಜಾಗವನ್ನೂ ಎರಡು ಉಪಗ್ರಹಗಳ ನೆರವಿನಿಂದ ಕಂಡುಹಿಡಿಯುತ್ತಿದ್ದರು. ೧೯೯೧ರ ಹೊತ್ತಿಗೆ ಇಂಥದೇ ಏರ್ಪಾಡು ಯೂರೋಪಿನ ಲಾರಿಗಳಿಗೂ ಬಂದಿತು.

ಇಲ್ಲಿ ಒಂದು ಮಾತು ನೆನಪಿಡಿ. ಲಾರಿಗಳಿಂದ ಬಂದ ಈ ಹಣದ ಆಸರೆಯಲ್ಲಿಯೇ ಆ ಕಂಪನಿ ಸಿ.ಡಿ.ಎಂ.ಎ. ಎಂಬ ಮೊಬೈಲು ವಿಧಾನವನ್ನು ಬೆಳೆಸಿತು. ಮೂರನೆಯ ತಲೆಮಾರಿನ ಮೊಬೈಲು ಫೋನುಗಳು ನಿಂತದ್ದು ಆ ವಿಧಾನದ ಬುನಾದಿಯ ಮೇಲೆ. ನಿಮ್ಮ ಜೇಬಿನ ಫೋನು ಬೆಳೆದು ಬಂದ ದಾರಿಯಲ್ಲಿ ಅಮೆರಿಕದ ಲಾರಿ ಚಾಲಕನ ಹೆಜ್ಜೆಯೂ ಇದೆ.

ಎಲ್ಲ ಸಾಹಸಗಳೂ ಹೀಗೆ ಗೆಲ್ಲಲಿಲ್ಲ. ಇರಿಡಿಯಂ ಎಂಬ ಕಂಪನಿ ಸುಮಾರು ೫೦೦ ಕೋಟಿ ಡಾಲರು ಸುರಿದು ೬೬ ಉಪಗ್ರಹಗಳ ಜಾಲ ಕಟ್ಟಿ, ೧೯೯೮ರ ನವೆಂಬರಿನಲ್ಲಿ ಸೇವೆ ಆರಂಭಿಸಿ, ೧೯೯೯ರ ಆಗಸ್ಟಿನಲ್ಲಿ ದಿವಾಳಿಯೆದ್ದಿತು. ಪ್ರಪಂಚದ ಯಾವ ಮೂಲೆಯಿಂದಲೂ ಮಾತಾಡಬಹುದು ಎಂಬುದು ಅವರ ಸರಕು. ಆದರೆ ಇಟ್ಟಿಗೆಯಂಥ ಆ ಫೋನನ್ನೂ ಅದರ ಮಾತಿನ ದರವನ್ನೂ ಹೊರಬಲ್ಲವರು ಕೆಲವರೇ. ಅಷ್ಟರಲ್ಲಿ ನೆಲದ ಗೋಪುರಗಳು ಊರೂರಿಗೂ ಬಂದುಬಿಟ್ಟಿದ್ದವು. ಆ ಆಸ್ತಿಯೆಲ್ಲ ಕೊನೆಗೆ ಎರಡೂವರೆ ಕೋಟಿ ಡಾಲರಿಗೆ ಮಾರಾಟವಾಯಿತು. ವ್ಯಾಪಾರಿ ಮಿತ್ರರಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಿಲ್ಲ. ಲಾರಿಯ ಏರ್ಪಾಡು ಗೆದ್ದುದು ಏತಕ್ಕೆ? ಅಲ್ಲಿ ಮಾತಿಗೆ ಹಣ ಕೊಡುವವನು ಮಾಲೀಕ. ಖಾಲಿ ಓಡಾಟ ತಪ್ಪಿ ಅವನಿಗೆ ಉಳಿತಾಯ ಕೈಗೆ ಸಿಕ್ಕಿತು.

ಚಾಲಕನಿಗೆ ಏನು ಸಿಕ್ಕಿತು? ನ್ಯಾಯವಾಗಿ ಹೇಳಬೇಕು, ಅವನಿಗೂ ಕೆಲವು ಲಾಭಗಳಾದವು. ಟೆಲಿಫೋನಿನ ಸಾಲು ತಪ್ಪಿತು. ನಡುದಾರಿಯಲ್ಲಿ ಇಂಜಿನು ಕೆಟ್ಟರೆ ಸುದ್ದಿ ಕಳಿಸಬಹುದಾಯಿತು. ಮುಂದಿನ ಮಾಲು ಎಲ್ಲಿದೆ ಎಂದು ಮೊದಲೇ ತಿಳಿಯಿತು. ಆದರೆ ಹಿಂದೆ ಲಾರಿಯ ಬಾಗಿಲು ಹಾಕಿಕೊಂಡರೆ ಅವನು ತನ್ನ ಪಾಡಿಗೆ ತಾನಿದ್ದ; ಈಗ ಕಚೇರಿ ಅವನ ಮಗ್ಗುಲಲ್ಲಿಯೇ ಬಂದು ಕೂತಿತು. ಮಲಗಿದ್ದಾಗ ಪೆಟ್ಟಿಗೆ ಕೀ ಎನ್ನುವುದು, ಎದ್ದು ನೋಡಿದರೆ ಹೊರಡು ಎಂಬ ಅಪ್ಪಣೆ. ಗಿರಾಕಿಯ ಗೋದಾಮಿನ ಮುಂದೆ ಐದಾರು ಗಂಟೆ ಕಾಯಿಸಿದರೂ ಕೂಲಿಯಿಲ್ಲ. ಕಾಯಿಸಿದ್ದರ ಲೆಕ್ಕ ಪೆಟ್ಟಿಗೆಯಲ್ಲಿ ನಿಮಿಷ ನಿಮಿಷಕ್ಕೂ ಇದೆ, ಆದರೆ ಆ ಲೆಕ್ಕ ಇರುವುದು ಕಚೇರಿಯಲ್ಲಿ!

ಗಿರಣಿಯ ಸಂಗಾತಿಗಳಿಗೆ ಇದು ಹೊಸ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ನೂಲಿನ ಗಿರಣಿಗಳಲ್ಲಿ, ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೂ ಸಂಜೆ ಹಿಂದಕ್ಕೂ ತಿರುಗಿಸಿ ಕೂಲಿಕಾರರ ಹೊತ್ತು ಕದಿಯುತ್ತಿದ್ದರೆಂದೂ, ಕೆಲಸಗಾರರು ಸ್ವಂತ ಗಡಿಯಾರ ತರಲು ಹೆದರುತ್ತಿದ್ದರೆಂದೂ ಆ ಕಾಲದವರೇ ಬರೆದಿಟ್ಟಿದ್ದಾರೆ. ಗಡಿಯಾರ ಕೆಟ್ಟದ್ದೆಂದು ಆ ಕೆಲಸಗಾರರು ಹೇಳಲಿಲ್ಲ. ಒಂದೇ ಗಡಿಯಾರ, ಅದೂ ಧಣಿಯ ಕೈಯಲ್ಲಿ ಎಂಬುದು ಅವರ ತಕರಾರು. ಗಡಿಯಾರ ಎಲ್ಲರ ಕೈಗೂ ಬಂದ ಮೇಲೆ ಅದೇ ಗಡಿಯಾರ ಎಂಟು ಗಂಟೆಯ ಪಾಳಿಗೆ ಸಾಕ್ಷಿ ಹೇಳಿತು.

ಅಮೆರಿಕದ ಲಾರಿ ಚಾಲಕರ ಹೋರಾಟವೂ ಇದೇ ದಾರಿಯಲ್ಲಿ ನಡೆಯಿತು. ಅಲ್ಲಿ ಕಾನೂನಿನ ಪ್ರಕಾರ ಮಾಲಿನ ಲಾರಿಯ ಚಾಲಕನು ಹತ್ತು ಗಂಟೆ ಬಿಡುವಿನ ನಂತರ, ಹದಿನಾಲ್ಕು ಗಂಟೆಯ ಅವಧಿಯೊಳಗೆ, ಹನ್ನೊಂದು ಗಂಟೆ ಮಾತ್ರ ಓಡಿಸಬಹುದು. ಈ ಲೆಕ್ಕವನ್ನು ಚಾಲಕರು ಕಾಗದದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಾಲೀಕನ ಒತ್ತಾಯಕ್ಕೋ ಹೊಟ್ಟೆಯ ಒತ್ತಾಯಕ್ಕೋ ಸುಳ್ಳು ಬರೆಯುವುದೂ ಇತ್ತು. ೨೦೧೦ರಲ್ಲಿ ಸರ್ಕಾರ ಒಂದು ನಿಯಮ ಹೊರಡಿಸಿ, ಗಂಟೆಯ ನಿಯಮ ಹೆಚ್ಚಾಗಿ ಮುರಿದ ಕಂಪನಿಗಳು ಯಂತ್ರದ ಲೆಕ್ಕವನ್ನೇ ಇಡಬೇಕು ಎಂದಿತು. ಸ್ವಂತ ಲಾರಿ ಓಡಿಸುವ ಚಾಲಕರ ಸಂಘ ಕೋರ್ಟಿಗೆ ಹೋಯಿತು. ಕಾಯಿದೆಯಲ್ಲಿ ಒಂದು ಮಾತಿತ್ತು: ಇಂಥ ಯಂತ್ರವನ್ನು ಚಾಲಕರನ್ನು ಪೀಡಿಸಲು ಬಳಸದಂತೆ ಸರ್ಕಾರ ನೋಡಿಕೊಳ್ಳತಕ್ಕದ್ದು. ಆ ಬಗ್ಗೆ ನಿಯಮದಲ್ಲಿ ಏನು ಮಾಡಿದ್ದೀರಿ ಎಂದು ಸಂಘ ಕೇಳಿತು. ಸರಿಯಾದ ಉತ್ತರವಿರಲಿಲ್ಲ. ೨೦೧೧ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು.

ಸರ್ಕಾರ ಮತ್ತೆ ಕೂತು ೨೦೧೫ರಲ್ಲಿ ಹೊಸ ನಿಯಮ ಬರೆಯಿತು. ೨೦೧೭ರ ಡಿಸೆಂಬರಿನಿಂದ ಅದು ಜಾರಿಗೆ ಬಂದಿತು. ಈ ಸಲ ಅದರೊಳಗೆ ಏನು ಸೇರಿತು ನೋಡಿ. ದಣಿದಿರುವ ಚಾಲಕನನ್ನು ಯಂತ್ರದ ಸುದ್ದಿಯ ಆಧಾರದ ಮೇಲೆ ನಿಯಮ ಮೀರಿ ಓಡಿಸುವುದು ಪೀಡನೆ, ಅದಕ್ಕೆ ದಂಡ. ಚಾಲಕ ಮಲಗಿರುವಾಗ ಪೆಟ್ಟಿಗೆಯ ಸದ್ದನ್ನು ಅಡಗಿಸುವ ಅನುಕೂಲವಿರಬೇಕು. ಕಚೇರಿಯವರು ಲೆಕ್ಕದಲ್ಲಿ ತಿದ್ದುಪಡಿ ಸೂಚಿಸಿದರೆ ಚಾಲಕನ ಒಪ್ಪಿಗೆ ಬೇಕು. ಮೊದಲಿನ ಲೆಕ್ಕ ಅಳಿಸಕೂಡದು. ಚಾಲಕನಿಗೆ ತನ್ನ ಲೆಕ್ಕದ ನಕಲು ಸಿಕ್ಕಬೇಕು. ಕೆಲಸದ ಹೊತ್ತಿನಲ್ಲಿ ಜಾಗವನ್ನು ಸುಮಾರು ಒಂದು ಮೈಲಿಯ ಅಳತೆಯಲ್ಲಿ ಬರೆದರೆ, ಚಾಲಕ ಸ್ವಂತಕ್ಕೆ ಲಾರಿ ಬಳಸುವಾಗ ಹತ್ತು ಮೈಲಿಯ ಅಳತೆಯಲ್ಲಿ ಮಾತ್ರ ಬರೆಯಬೇಕು. ಅಂದರೆ, ಅವನು ಯಾರ ಮನೆಗೆ ಹೋದ, ಯಾವ ಆಸ್ಪತ್ರೆಗೆ ಹೋದ ಎಂಬುದು ಆ ಸರ್ಕಾರಿ ಲೆಕ್ಕಕ್ಕೆ ಬೇಡ.

ಇದರಿಂದ ಅಲ್ಲಿಯ ಚಾಲಕರ ಕಷ್ಟವೆಲ್ಲ ಮುಗಿಯಿತೆಂದು ನಾನು ಹೇಳಲಾರೆ. ಆ ಸಂಘಕ್ಕೆ ಹೊಸ ನಿಯಮವೂ ಹಿಡಿಸಲಿಲ್ಲ. ಮತ್ತೆ ಕೋರ್ಟಿಗೆ ಹೋಗಿ ೨೦೧೬ರಲ್ಲಿ ಸೋತಿತು. ಮೈಲಿಗೆ ಇಷ್ಟೆಂಬ ಮಜೂರಿ ಹಾಗೆಯೇ ಉಳಿಯಿತು. ಆದರೂ ಒಂದು ವಿಷಯ ಸಿದ್ಧವಾಯಿತು. ಪೆಟ್ಟಿಗೆ ಹೇಗೆ ನಡೆದುಕೊಳ್ಳಬೇಕೆಂಬುದು ಆಕಾಶದಲ್ಲಿ ತೀರ್ಮಾನವಾಗುವುದಿಲ್ಲ. ಕೇಳುವವರು ಕೇಳಿದರೆ ಅದು ನೆಲದ ಮೇಲೆ, ಕಾನೂನಿನ ಪುಸ್ತಕದಲ್ಲಿ ತೀರ್ಮಾನವಾಗುತ್ತದೆ.

ನಮ್ಮ ದೇಶದಲ್ಲಿ ಏನಾಗಿದೆ? ಒಳ್ಳೆಯದನ್ನು ಮೊದಲು ಹೇಳೋಣ. ನಮ್ಮ ರೈಲ್ವೆಯು ಇಸ್ರೋ ಸಂಸ್ಥೆಯ ಜೊತೆ ಸೇರಿ ಇಂಜಿನುಗಳ ಮೇಲೆ ಉಪಗ್ರಹದ ಉಪಕರಣ ಕೂರಿಸಿದೆ. ೨೦೨೨ರ ಜುಲೈಯಲ್ಲಿ ರೈಲ್ವೆ ಮಂತ್ರಾಲಯ ಕೊಟ್ಟ ಲೆಕ್ಕದಂತೆ ೨೧ ಶೆಡ್ಡುಗಳ ೨,೭೦೦ ವಿದ್ಯುತ್ ಇಂಜಿನುಗಳಿಗೆ ಇದು ಬಂದಿದ್ದಿತು. ನಡುದಾರಿಯಲ್ಲಿಯೂ ಮೂವತ್ತು ಸೆಕೆಂಡಿಗೊಮ್ಮೆ ಗಾಡಿ ಎಲ್ಲಿದೆ ಎಂದು ಕಂಟ್ರೋಲು ಕಚೇರಿಗೆ ತಿಳಿಯುವುದು. ಹಿಂದೆ ಸ್ಟೇಷನ್ ಮಾಸ್ತರರು ಫೋನು ಮಾಡಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಕಾಯುವ ಬಡವನಿಗೆ ಗಾಡಿಯ ನಿಜವಾದ ಹೊತ್ತು ತಿಳಿಯುವುದು ಸಣ್ಣ ಉಪಕಾರವಲ್ಲ. ೨೦೧೫ರಲ್ಲಿ ಇಸ್ರೋ ಹಾರಿಸಿದ ಜಿಸ್ಯಾಟ್-೬ ಉಪಗ್ರಹದಲ್ಲಿ ಆರು ಮೀಟರಿನ ಬಿಚ್ಚುಕೊಡೆಯುಂಟು. ನೆಲದ ಮೇಲೆ ಕೈಯಲ್ಲಿ ಹಿಡಿಯುವಂಥ ಸಾಧನ ಸಾಕಾಗಲಿ ಎಂದೇ ಅದು. ಅದರ ಜೊತೆಯ ಜಿಸ್ಯಾಟ್-೬ಎ ೨೦೧೮ರಲ್ಲಿ ಹಾರಿದ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು.

ಬಸ್ಸು ಟ್ಯಾಕ್ಸಿಗಳ ಮಾತು ಬೇರೆ. ಕೇಂದ್ರ ಸರ್ಕಾರದ ನಿಯಮದಂತೆ ೨೦೧೯ರ ಜನವರಿ ೧ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಪ್ರಯಾಣಿಕ ವಾಹನಗಳಲ್ಲಿ ಜಾಗ ತಿಳಿಸುವ ಪೆಟ್ಟಿಗೆಯೂ ಅಪಾಯದ ಗುಂಡಿಯೂ ಇರಬೇಕು. ಆಟೋರಿಕ್ಷಾಗಳಿಗೆ ಇದು ಬೇಡ. ಹೆಣ್ಣುಮಕ್ಕಳ ರಕ್ಷಣೆಗೆಂದು ಬಂದ ಈ ನಿಯಮ ಸ್ವಾಗತಾರ್ಹವೇ. ಆದರೆ ನೆನಪಿರಲಿ, ಈ ಪೆಟ್ಟಿಗೆ ಸುದ್ದಿ ಕಳಿಸುವುದು ಮೊಬೈಲು ಗೋಪುರದಿಂದ. ಗೋಪುರವಿಲ್ಲದ ಕಾಡಿನ ದಾರಿಯಲ್ಲಿ, ಗುಂಡಿ ನಿಜವಾಗಿ ಬೇಕಾದ ಜಾಗದಲ್ಲಿಯೇ, ಗುಂಡಿ ಮೂಕ. ಆಕಾಶದ ದಾರಿ ಮೊದಲು ಬೇಕಾದುದು ಅಲ್ಲಿಗೆ.

ಇನ್ನು ಚಾಲಕನ ಹೊತ್ತಿನ ಮಾತು. ೧೯೬೧ರಲ್ಲಿಯೇ ನಮ್ಮ ಪಾರ್ಲಿಮೆಂಟು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಮಾಡಿ, ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಬರೆಯಿತು. ದೂರದ ದಾರಿಗೆ ಕೆಲವು ವಿನಾಯಿತಿಗಳಿದ್ದವು. ೨೦೨೫ರ ನವೆಂಬರ್ ೨೧ರಂದು ಆ ಕಾಯಿದೆ ಹೋಗಿ, ಕೆಲಸದ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿಯೂ ದಿನಕ್ಕೆ ಎಂಟು ಗಂಟೆಯೇ. ಅರವತ್ತು ವರ್ಷ ಕಾಗದದ ಮೇಲಿದ್ದ ಈ ಎಂಟು ಗಂಟೆಯನ್ನು ಲಾರಿಯೊಳಗೆ ಅಳೆಯುವವರು ಯಾರೂ ಇರಲಿಲ್ಲ. ಈಗ ಅಳೆಯುವ ಪೆಟ್ಟಿಗೆ ಬಂದಿದೆ. ಅದು ಲಾರಿ ನಿಂತದ್ದನ್ನು ಧಣಿಗೆ ಹೇಳುತ್ತದೆ. ಹದಿನಾರು ಗಂಟೆ ಓಡಿದ್ದನ್ನು ಯಾರಿಗೆ ಹೇಳುತ್ತದೆ? ನನ್ನ ಸೋದರಮಾವನ ಮಗ ಆ ರಾತ್ರಿ ಎಷ್ಟು ಗಂಟೆಯಿಂದ ಓಡಿಸುತ್ತಿದ್ದ ಎಂಬುದಕ್ಕೆ ಆ ಪೆಟ್ಟಿಗೆಯೇ ಸಾಕ್ಷಿಯಾಗಬಹುದಿತ್ತು. ರಿಪೇರಿಯ ಹಣ ಕಳೆದಾಗ ಅವನು ಆ ಲೆಕ್ಕ ಕೇಳಿದ. ಅದು ಆಫೀಸಿನ ಗುಟ್ಟು ಎಂದರು.

೨೦೨೩ರಲ್ಲಿ ಪಾರ್ಲಿಮೆಂಟು ಒಪ್ಪಿದ ಖಾಸಗಿ ಮಾಹಿತಿಯ ರಕ್ಷಣೆಯ ಕಾಯಿದೆಯೂ ಇಲ್ಲಿ ಹೆಚ್ಚು ನೆರವಾಗದು. ಉದ್ಯೋಗದ ಉದ್ದೇಶಕ್ಕೂ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೂ ಮಾಹಿತಿ ಬಳಸುವುದಾದರೆ ಕೆಲಸಗಾರನ ಒಪ್ಪಿಗೆ ಬೇಕಿಲ್ಲ ಎಂದು ಅದರಲ್ಲಿದೆ. ಈ ಬಾಗಿಲು ಬಹಳ ಅಗಲವಾಗಿದೆ.

ಈ ಮಾತನ್ನು ಇಂದೇ ಏಕೆ ಆಡಬೇಕೆಂದರೆ, ಆಕಾಶದ ದಾರಿ ಅಗ್ಗವಾಗುತ್ತಿದೆ. ನೆಲದಿಂದ ಸುಮಾರು ೫೫೦ ಕಿಲೋಮೀಟರು ಮೇಲೆ ಹಾರುವ ಸಾವಿರಾರು ಸಣ್ಣ ಉಪಗ್ರಹಗಳು ಬಂದಿವೆ. ೨೦೨೨ರಿಂದ ಕೆಲವು ದೇಶಗಳಲ್ಲಿ ಕೈಯ ಫೋನಿನಿಂದಲೇ ಉಪಗ್ರಹಕ್ಕೆ ಅಪಾಯದ ಸುದ್ದಿ ಕಳಿಸಬಹುದಾಗಿದೆ. ನಾಳೆ ಗೋಪುರ ಸಿಕ್ಕದ ಘಟ್ಟದಲ್ಲಿಯೂ ಲಾರಿಯ ಚುಕ್ಕೆ ಮಾಯವಾಗದು. ಇಂದು ಚಾಲಕನಿಗೆ ಸಿಗುತ್ತಿರುವ ಆ ಅರ್ಧ ಗಂಟೆಯ ಮರೆಯೂ ಹೋಗುವುದು. ಅದು ಹೋಗುವ ಮೊದಲು ನಿಯಮ ಬರಬೇಕು.

ಆದುದರಿಂದ ನಾವು ನಾಲ್ಕು ಮಾತು ಕೇಳೋಣ. ಪೆಟ್ಟಿಗೆಯ ಲೆಕ್ಕದ ನಕಲು ಚಾಲಕನಿಗೆ ಕೇಳಿದಾಗ ಸಿಕ್ಕಬೇಕು. ಅವನು ವಿಶ್ರಾಂತಿಗೆಂದು ನಿಲ್ಲಿಸಿದಾಗ ಪೆಟ್ಟಿಗೆಯೂ ಫೋನೂ ಸುಮ್ಮನಿರಬೇಕು. ಗೋದಾಮಿನ ಮುಂದೆ ಕಾಯಿಸಿದ ಹೊತ್ತಿಗೆ ಅದೇ ಲೆಕ್ಕದ ಮೇಲೆ ಕೂಲಿ ಸಲ್ಲಬೇಕು. ಅಪಘಾತವಾದಾಗ, ಸಂಬಳ ಕಡಿದಾಗ, ಆ ಲೆಕ್ಕವನ್ನು ನೋಡದೆ ತೀರ್ಮಾನ ಮಾಡಕೂಡದು.

ವ್ಯಾಪಾರಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಾಲಿನ ಚಿಂತೆ ನನಗೆ ಗೊತ್ತು. ಸಾಲದ ಬಡ್ಡಿ ನಿಲ್ಲುವುದಿಲ್ಲ, ಗಿರಾಕಿ ಕಾಯುವುದಿಲ್ಲ. ಆದರೆ ಎಷ್ಟೋ ಸಲ ಆ ರಾತ್ರಿಯ ಫೋನಿನ ಮೂಲ ನಿಮ್ಮ ಅಂಗಡಿಯಲ್ಲಿದೆ. ನೀವು ಸಾಗಣೆಯವನನ್ನು ಕೇಳುತ್ತೀರಿ, ಅವನು ಚಾಲಕನನ್ನು ಎಬ್ಬಿಸುತ್ತಾನೆ. ಮುಂದಿನ ಸಲ ನಕ್ಷೆಯ ಮೇಲೆ ಚುಕ್ಕೆ ನಿಂತದ್ದು ಕಂಡರೆ ಗಡಿಯಾರ ನೋಡಿ. ರಾತ್ರಿ ಎರಡು ಗಂಟೆಯಾಗಿದ್ದರೆ ಅಲ್ಲೊಬ್ಬ ಮನುಷ್ಯ ಮಲಗಿದ್ದಾನೆಂದು ತಿಳಿಯಿರಿ. ಅವನು ಮಲಗಿ ಎದ್ದರೆ ನಿಮ್ಮ ಮಾಲು ಮೂರು ಗಂಟೆ ತಡವಾಗಿ ಬರುತ್ತದೆ. ಮಲಗದಿದ್ದರೆ ಬಾರದೆಯೂ ಹೋಗಬಹುದು.

ಗಿರಣಿಯ ಸಂಗಾತಿಗಳಿಗೆ ಹೇಳುವುದು ಇಷ್ಟೇ. ಇದು ಲಾರಿಯವರ ಗೋಳು, ನಮಗೇನು ಎನ್ನಬೇಡಿ. ಲಾರಿಯಲ್ಲಿ ಕೂತ ಪೆಟ್ಟಿಗೆ ನಾಳೆ ಮಗ್ಗದ ಮೇಲೂ ಕೂತೀತು. ಆಗ ನಮಗೆ ಬೇಕಾಗುವ ನಿಯಮವನ್ನು ಚಾಲಕನ ಪರವಾಗಿ ಇಂದೇ ಕೇಳಿದರೆ, ನಾಳೆ ನಾವು ಒಂಟಿಯಾಗಿ ಕೇಳಬೇಕಿಲ್ಲ. ಲಾರಿ ಸ್ಟ್ಯಾಂಡಿನ ಸಂಗಾತಿಗಳನ್ನು ಮ್ಯಾನೇಜರು ಒಳಗೆ ಬಿಡದ ಕಡೆಯೂ ನಿಮ್ಮ ಗಿರಣಿಯ ಗೇಟಿನಲ್ಲಿ ದಿನವೂ ಹತ್ತಾರು ಲಾರಿಗಳು ಕಾಯುತ್ತ ನಿಂತಿರುತ್ತವೆ. ಪಾಳಿ ಮುಗಿಸಿ ಹೊರಗೆ ಬರುವಾಗ ಆ ಚಾಲಕನನ್ನು ಒಂದು ಮಾತು ಕೇಳಿ: ಎಷ್ಟು ಗಂಟೆಯಿಂದ ಕಾಯುತ್ತಿದ್ದೀಯಪ್ಪ? ಅವನ ಉತ್ತರವನ್ನು ತಾರೀಖು ಹಾಕಿ ಬರೆದು ತನ್ನಿ. ಮುಂದಿನ ಭಾನುವಾರ ಇಲ್ಲಿ ಅವನ್ನೆಲ್ಲ ಕೂಡಿಸಿ ಒಂದು ಪಟ್ಟಿ ಮಾಡೋಣ. ಕಾರ್ಮಿಕ ಇಲಾಖೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದು ಬೇಡ.

 ಪ್ರಶ್ನೆಗಳಿದ್ದರೆ ಕೇಳಿರಿ. ಉಪಗ್ರಹದ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ; ಲಾರಿಯ ಬಗ್ಗೆ ಹೇಳಲು ಹಿಂದಿನ ಬೆಂಚಿನಲ್ಲಿ ಇಬ್ಬರು ಚಾಲಕರೇ ಬಂದು ಕೂತಿದ್ದಾರೆ. ಅವರು ಇಲ್ಲಿ ಮುಂದಕ್ಕೆ ಬರಲಿ.